ತಾಲ್ಲೂಕು ಕೋರ್ಟಿನಿಂದ ಜಿನೀವಾಕ್ಕೆ: ಓದುಗರ ಕಾನೂನು ಪ್ರಶ್ನೆಗಳು

ಮಾನವ ಹಕ್ಕುಗಳ ವಕೀಲಿಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸರ್ವಾಧಿಕಾರಿಗಳ ವಿರುದ್ಧ ಅಂತರರಾಷ್ಟ್ರೀಯ ಮಟ್ಟದಲ್ಲಿ ಹೋರಾಡುವ ವಕೀಲೆಯಾಗಬೇಕೆಂದಿದೆ. ಅದಕ್ಕೆಂದೇ ಕೋರ್ಸ್ ಇದೆಯೇ? ನ್ಯಾಷನಲ್ ಲಾ ಸ್ಕೂಲ್ ಸೀಟು ಸಿಗದಿದ್ದರೆ ದಾರಿ ಮುಚ್ಚಿದಂತೆಯೇ? — ವಿದ್ಯಾರ್ಥಿನಿ, ತೀರ್ಥಹಳ್ಳಿ

ಅಂತರರಾಷ್ಟ್ರೀಯ ವಕೀಲಿಕೆಗೆಂದೇ ಬೇರೆ ಸನದು (ವಕೀಲಿಕೆಯ ಪರವಾನಗಿ) ಇಲ್ಲ. ಯಾವುದಾದರೊಂದು ದೇಶದ ವಕೀಲರಾಗಿ, ಅಲ್ಲಿನ ಕೋರ್ಟಿನಲ್ಲಿ ಪಳಗಿ, ಆ ಅನುಭವವನ್ನು ಹೊರಗಿನ ವೇದಿಕೆಗೆ ಒಯ್ಯುವುದೇ ದಾರಿ. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ವಾದಿಸುವ ವಕೀಲರ ಪಟ್ಟಿಗೆ ಸೇರಲು ಕನಿಷ್ಠ 10 ವರ್ಷದ ಅನುಭವ ಬೇಕು. ಅಲ್ಲಿ ಕೇಳುವುದು ಕ್ರಿಮಿನಲ್ ಮೊಕದ್ದಮೆ ನಡೆಸಿದ ಅನುಭವವನ್ನು. ತೀರ್ಥಹಳ್ಳಿಯ ಕೋರ್ಟಿನಲ್ಲಿ ಪಾಟೀಸವಾಲು ಮಾಡಿದ ವರ್ಷಗಳೂ ಆ ಲೆಕ್ಕಕ್ಕೆ ಬರುತ್ತವೆ.

ಬೆಂಗಳೂರಿನ ಲಾ ಸ್ಕೂಲ್ ಒಳ್ಳೆಯ ಬಾಗಿಲು, ಆದರೆ ಅದೊಂದೇ ಬಾಗಿಲಲ್ಲ. ಅದಕ್ಕೆ ಬರೆಯಬೇಕಾದ ಕ್ಲಾಟ್ ಪರೀಕ್ಷೆಯಲ್ಲಿ 2 ಗಂಟೆಗೆ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಎಲ್ಲವೂ ಇಂಗ್ಲಿಷ್‌ನಲ್ಲಿ. ಪ್ರಶ್ನೆಗಳು ಉದ್ದುದ್ದ ಗದ್ಯಭಾಗಗಳ ಮೇಲೆ ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಹಿಂದೆ ಬೀಳುವುದು ಬುದ್ಧಿಯಲ್ಲಲ್ಲ, ಓದಿನ ವೇಗದಲ್ಲಿ. ದಿನಕ್ಕೆ ಎರಡು ಇಂಗ್ಲಿಷ್ ಸಂಪಾದಕೀಯಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಓದಿ. ಲೇಖಕರು ಏನು ವಾದಿಸುತ್ತಿದ್ದಾರೆ, ಯಾವ ಆಧಾರ ಕೊಟ್ಟಿದ್ದಾರೆ ಎಂಬುದನ್ನು ಎರಡೇ ಸಾಲಲ್ಲಿ ಬರೆದಿಡಿ. ಆರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಸೀಟು ಸಿಗದಿದ್ದರೆ ಶಿವಮೊಗ್ಗದಲ್ಲೇ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿದೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಈ ದಾರಿಯಲ್ಲಿ ಹೋಗುವವರು ಮೂರನೇ ವರ್ಷದಿಂದಾದರೂ ಇಂಗ್ಲಿಷ್‌ನಲ್ಲಿ ಬರೆಯಲು ಶುರು ಮಾಡಲೇಬೇಕು. ವಿಶ್ವಸಂಸ್ಥೆಗೆ ಕನ್ನಡದಲ್ಲಿ ಬರೆದ ಅರ್ಜಿ ನಡೆಯುವುದಿಲ್ಲ.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 1961ರ ವಕೀಲರ ಕಾಯ್ದೆಯಂತೆ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಇದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಇನ್ನೊಂದು ಮಾತು ಮೊದಲೇ ತಿಳಿದಿರಲಿ: ವಕೀಲರ ಪರಿಷತ್ತಿನ 49ನೇ ನಿಯಮದಂತೆ ಪೂರ್ಣಾವಧಿ ಸಂಬಳದ ನೌಕರಿ ಹಿಡಿದವರು ವಕೀಲಿಕೆ ಮಾಡುವಂತಿಲ್ಲ. ಸಂಸ್ಥೆಯೊಂದಕ್ಕೆ ಸಂಬಳಕ್ಕೆ ಸೇರಿದ ದಿನ ಸನದನ್ನು ಅಮಾನತಿನಲ್ಲಿ ಇಡಬೇಕಾಗುತ್ತದೆ. ಓದು ಮುಗಿದ ಕೂಡಲೇ ದೊಡ್ಡ ಸಂಸ್ಥೆಯ ವರದಿ ಬರೆಯುವ ಕೆಲಸಕ್ಕೆ ಸೇರಿ, ಐದು ವರ್ಷದ ಮೇಲೆ ನೋಡಿದರೆ ಒಂದೂ ಸಾಕ್ಷಿಯನ್ನು ವಿಚಾರಿಸಿರದ ವಕೀಲರು ಅನೇಕರಿದ್ದಾರೆ. ಹಾಗಾಗಿ ಮೊದಲ ಮೂರು ನಾಲ್ಕು ವರ್ಷ ಕೆಳ ಕೋರ್ಟಿನ ಹಿರಿಯರೊಬ್ಬರ ಕೈಕೆಳಗೆ ಕಳೆಯಿರಿ.

ವಿದೇಶದ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಆಮೇಲೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನವೂ ಕನಿಷ್ಠ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆಯೂ ಇದೆ. ಮಾನವ ಹಕ್ಕುಗಳ ಕಾನೂನಿಗೆ ಎಸೆಕ್ಸ್, ಲೈಡನ್, ಜಿನೀವಾ ಹೆಸರಾದ ಜಾಗಗಳು.

ಪ್ರಶ್ನೆ: ಸೈನ್ಯ, ಪೊಲೀಸು ಎಲ್ಲ ಕೈಯಲ್ಲಿರುವ ಸರ್ವಾಧಿಕಾರಿಯನ್ನು ಒಬ್ಬ ವಕೀಲ ನಿಜಕ್ಕೂ ಏನು ಮಾಡಬಲ್ಲ? ಉಪದೇಶ ಬೇಡ, ನಡೆದದ್ದನ್ನು ಹೇಳಿ. — ನಿವೃತ್ತ ಶಿಕ್ಷಕರು, ಶೃಂಗೇರಿ

ಆಫ್ರಿಕಾದ ಚಾಡ್ ದೇಶವನ್ನು 1982ರಿಂದ 1990ರವರೆಗೆ ಹಿಸೇನ್ ಹಬ್ರೆ ಆಳಿದ. ಅವನ ರಾಜಕೀಯ ಪೊಲೀಸರ ಸೆರೆಮನೆಗಳಲ್ಲಿ ಜನ ಸತ್ತರು. ಪದಚ್ಯುತನಾದ ಮೇಲೆ ಸೆನೆಗಲ್‌ಗೆ ಓಡಿಹೋಗಿ ಸುಖವಾಗಿದ್ದ. ಸೆರೆಯಿಂದ ಬದುಕಿ ಬಂದ ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಪತ್ರದ ನೌಕರ 792 ಸಂತ್ರಸ್ತರ ವಿವರ ಬರೆದು, ಬಚ್ಚಿಟ್ಟು ಕಾಪಾಡಿದ. ಆ ಕಾಗದಗಳ ಬಲದ ಮೇಲೆ 2000ದಲ್ಲಿ ಸೆನೆಗಲ್‌ನಲ್ಲಿ ದೂರು ದಾಖಲಾಯಿತು. ಅಲ್ಲಿನ ಕೋರ್ಟು, ಬೇರೆ ದೇಶದಲ್ಲಿ ನಡೆದ ಚಿತ್ರಹಿಂಸೆಯನ್ನು ವಿಚಾರಿಸುವ ಅಧಿಕಾರ ತನಗಿಲ್ಲ ಎಂದಿತು. 2001ರಲ್ಲಿ ರಾಜಕೀಯ ಪೊಲೀಸರ ಹಳೆಯ ಕಚೇರಿಯಲ್ಲಿ ಅವರದೇ ದಾಖಲೆಗಳ ರಾಶಿ ಸಿಕ್ಕಿತು. ಅವನ್ನು ವಿಂಗಡಿಸಿದಾಗ 12,321 ಸಂತ್ರಸ್ತರ ಹೆಸರು, ಸೆರೆಯಲ್ಲಿ ಸತ್ತ ಅಥವಾ ಕೊಲ್ಲಲ್ಪಟ್ಟ 1,208 ಜನರ ಹೆಸರು ಹೊರಬಂದವು. ಅದೇ ವರ್ಷ ಸಂತ್ರಸ್ತರ ವಕೀಲೆ ಜಾಕ್ಲಿನ್ ಮೂದೇನಾ ಅವರ ಮೇಲೆ ಪ್ರತಿಭಟನೆಯೊಂದರಲ್ಲಿ ಗ್ರೆನೇಡ್ ಎಸೆದರು. ಕಾಲಿನಲ್ಲಿ ಚೂರು ಹೊಕ್ಕರೂ ಅವರು ಮೊಕದ್ದಮೆ ಬಿಡಲಿಲ್ಲ.

ವಕೀಲರು ಬಾಗಿಲು ಬದಲಿಸುತ್ತ ಹೋದರು. ಬೆಲ್ಜಿಯಂನಲ್ಲಿ ದೂರು ಕೊಟ್ಟರು. ಬೆಲ್ಜಿಯಂ ಸರ್ಕಾರ ಸೆನೆಗಲ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸೇರಿದ ದೇಶ ಆರೋಪಿಯನ್ನು ವಿಚಾರಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದು ಆ ನ್ಯಾಯಾಲಯ 2012ರ ಜುಲೈ 20ರಂದು ಹೇಳಿತು. ಆಫ್ರಿಕನ್ ಒಕ್ಕೂಟ ಮತ್ತು ಸೆನೆಗಲ್ ಸೇರಿ ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿ ವಿಶೇಷ ನ್ಯಾಯಾಲಯ ರಚಿಸಿದವು. 2016ರ ಮೇ 30ರಂದು ಹಬ್ರೆಗೆ ಜೀವಾವಧಿ ಶಿಕ್ಷೆಯಾಯಿತು. 2021ರಲ್ಲಿ ಶಿಕ್ಷೆಯ ಅವಧಿಯಲ್ಲೇ ಸತ್ತ. ಪದಚ್ಯುತಿಯಿಂದ ತೀರ್ಪಿಗೆ 25 ವರ್ಷಕ್ಕೂ ಹೆಚ್ಚು ಹಿಡಿಯಿತು. ಈ ವೃತ್ತಿಯನ್ನು ಅಳೆಯುವ ಕೋಲು ಅದು.

ನೆರೆಯ ಪಾಕಿಸ್ತಾನದ ಉದಾಹರಣೆಯೂ ಇದೆ. ತಂದೆಯ ಬಂಧನ ಪ್ರಶ್ನಿಸಿ ಆಸ್ಮಾ ಜಿಲಾನಿ ಅರ್ಜಿ ಹಾಕಿದಾಗ ಅವರಿನ್ನೂ ವಕೀಲೆಯಾಗಿರಲಿಲ್ಲ. 1972ರ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನರಲ್ ಯಾಹ್ಯಾ ಖಾನ್ ಅಧಿಕಾರ ಕಸಿದುಕೊಂಡವನೆಂದು ಸಾರಿತು. ಮುಂದೆ ಆಸ್ಮಾ ಜಹಾಂಗೀರ್ ಎಂದು ಹೆಸರಾದ ಅವರು ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿ ಮೂರು ಹೊಣೆ ಹೊತ್ತರು. ಕೊನೆಯದು ಇರಾನ್ ಕುರಿತದ್ದು, 2018ರಲ್ಲಿ ತೀರಿಕೊಳ್ಳುವವರೆಗೆ.

ಕೋರ್ಟುಗಳೇ ಕೈಚೆಲ್ಲುವುದೂ ಉಂಟು. ನಮ್ಮ ದೇಶದ ತುರ್ತುಪರಿಸ್ಥಿತಿಯಲ್ಲಿ ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧನ ಕಾನೂನುಬದ್ಧವೇ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಹಾಕಬಹುದೆಂದು ಹಲವು ಹೈಕೋರ್ಟುಗಳು ಹೇಳಿದ್ದರೂ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1 ಬಹುಮತದಿಂದ ಅದನ್ನು ತಳ್ಳಿಹಾಕಿತು. ಒಂಟಿಯಾಗಿ ಭಿನ್ನಮತ ಬರೆದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಬಹುಮತದ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ.

ಪ್ರಶ್ನೆ: ನಮ್ಮ ದೇಶದಲ್ಲಿ ಅನ್ಯಾಯವಾದರೆ ನೇರವಾಗಿ ಹೇಗ್‌ಗೆ ಹೋಗಬಹುದೇ? — ಸಾಗರ

ಆಗುವುದಿಲ್ಲ. ಹೇಗ್‌ನಲ್ಲಿ ಎರಡು ಬೇರೆ ಬೇರೆ ನ್ಯಾಯಾಲಯಗಳಿವೆ, ಪತ್ರಿಕೆಗಳೂ ಇವನ್ನು ಆಗಾಗ ಅದಲುಬದಲು ಮಾಡುತ್ತವೆ. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಬಲ್ಲವು ದೇಶಗಳು ಮಾತ್ರ. ಅಪರಾಧ ನ್ಯಾಯಾಲಯ ವ್ಯಕ್ತಿಗಳನ್ನು ವಿಚಾರಿಸುತ್ತದೆ, ಆದರೆ ಅದನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನಕ್ಕೆ ಭಾರತ ಸೇರಿಲ್ಲ. ಯುರೋಪಿಗೆ, ಅಮೆರಿಕ ಖಂಡಗಳಿಗೆ, ಆಫ್ರಿಕಾಕ್ಕೆ ಇರುವಂಥ ಪ್ರಾದೇಶಿಕ ಮಾನವ ಹಕ್ಕು ನ್ಯಾಯಾಲಯ ಏಷ್ಯಾಕ್ಕೆ ಇಲ್ಲವೇ ಇಲ್ಲ. ಇದು ನಮ್ಮ ಭಾಗದ ವಕೀಲರ ದೊಡ್ಡ ಕೊರತೆ.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು, ಆದರೆ ವ್ಯಕ್ತಿಗಳು ದೂರು ಕೊಡಲು ಅವಕಾಶ ಮಾಡುವ ಐಚ್ಛಿಕ ಒಪ್ಪಂದಕ್ಕೆ ಸೇರಲಿಲ್ಲ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದರೂ ಅನುಮೋದಿಸಿಲ್ಲ. ಹಾಗೆಂದು ಈ ಒಪ್ಪಂದಗಳು ಇಲ್ಲಿ ನಿರುಪಯೋಗಿಯಲ್ಲ. ನಮ್ಮ ಕೋರ್ಟುಗಳ ಮುಂದೆ ಅವನ್ನು ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಜೊತೆ ಓದಿಸಬಹುದು. ಕೆಲಸದ ಜಾಗದ ಲೈಂಗಿಕ ಕಿರುಕುಳ ಕುರಿತ 1997ರ ವಿಶಾಖಾ ತೀರ್ಪು ಮಹಿಳಾ ತಾರತಮ್ಯ ವಿರೋಧಿ ಒಪ್ಪಂದವನ್ನು ಆಧರಿಸಿದೆ. ಅಕ್ರಮ ಬಂಧನಕ್ಕೆ ಪರಿಹಾರದ ಹಕ್ಕು ಕೊಡುವ ಒಡಂಬಡಿಕೆಯ 9(5)ನೇ ವಿಧಿಗೆ ಭಾರತ ತಕರಾರು ಇಟ್ಟಿತ್ತು. ಪೊಲೀಸ್ ವಶದಲ್ಲಿದ್ದವರ ರಕ್ಷಣೆ ಕುರಿತ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ತಕರಾರಿಗೆ ಈಗ ಬೆಲೆಯಿಲ್ಲ ಎಂದಿತು.

ತೀರಾ ಹತ್ತಿರದ ಬಾಗಿಲು ಹೈಕೋರ್ಟು. ಒಂದು ಭೂಗೋಳದ ಮಾತು: ಪಕ್ಕದ ಸಿದ್ದಾಪುರದವರ ರಿಟ್ ಅರ್ಜಿ ಧಾರವಾಡ ಪೀಠಕ್ಕೆ ಹೋಗುತ್ತದೆ, ಸಾಗರದವರದು ಬೆಂಗಳೂರಿಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ಘಟನೆ ನಡೆದು 1 ವರ್ಷದೊಳಗೆ ಕೊಡಬೇಕು. ಒಳ್ಳೆಯ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಗಡುವು ಮೀರಿ.

ಪ್ರಶ್ನೆ: ವಕೀಲಿಕೆಗೆ ಬಂದು ಎರಡು ವರ್ಷವಾಯಿತು. ಅಕ್ರಮ ಬಂಧನದ ಪ್ರಕರಣವನ್ನು ವಿಶ್ವಸಂಸ್ಥೆಗೆ ಒಯ್ಯುವುದು ಹೇಗೆ? ಹಂತಹಂತವಾಗಿ ತಿಳಿಸಿ. — ಯುವ ವಕೀಲರು, ಹೊಸನಗರ

ನಿಮಗೆ ಬೇಕಾದದ್ದು ಜಿನೀವಾದ ‘ಮನಸೋಇಚ್ಛೆ ಬಂಧನ ಕುರಿತ ಕಾರ್ಯತಂಡ’. 1991ರಲ್ಲಿ ಸ್ಥಾಪನೆಯಾದ ಇದರಲ್ಲಿ ಐವರು ಸದಸ್ಯರಿದ್ದಾರೆ. ಇದರ ಮಹತ್ವ ಎರಡು: ಯಾವ ದೇಶದ ಪ್ರಕರಣವನ್ನಾದರೂ ತೆಗೆದುಕೊಳ್ಳುತ್ತದೆ, ಒಪ್ಪಂದಕ್ಕೆ ಸಹಿ ಹಾಕಿರಬೇಕೆಂದಿಲ್ಲ. ಸ್ಥಳೀಯ ಕೋರ್ಟುಗಳೆಲ್ಲ ಮುಗಿದಿರಬೇಕು ಎಂಬ ಷರತ್ತೂ ಇಲ್ಲ. ಅಂದರೆ ಜಾಮೀನು ಅರ್ಜಿ ಬಾಕಿಯಿರುವಾಗಲೇ ಹೋಗಬಹುದು.

ಮೊದಲು ಬಂಧಿತರ ಅಥವಾ ಮನೆಯವರ ಲಿಖಿತ ಒಪ್ಪಿಗೆ. ಅರ್ಜಿ ಕಳಿಸಿದವರ ಹೆಸರನ್ನು ಸರ್ಕಾರಕ್ಕೆ ತಿಳಿಸುವುದಿಲ್ಲ, ಆದರೆ ಬಂಧಿತರ ಹೆಸರು ಹೋಗಿಯೇ ಹೋಗುತ್ತದೆ. ಇದನ್ನು ಮನೆಯವರಿಗೆ ಎದುರಿಗೆ ಕೂತು, ಕನ್ನಡದಲ್ಲಿ, ನಿಧಾನವಾಗಿ ಹೇಳಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ.

ಎರಡನೆಯದು ಕಾಲಾನುಕ್ರಮ. ಇಡೀ ಅರ್ಜಿ ನಿಲ್ಲುವುದು ಇದರ ಮೇಲೆ. ದಿನಾಂಕ, ಗಂಟೆ, ಜಾಗ, ಯಾರು, ಯಾವ ಕಾಗದ ತೋರಿಸಿದರು ಎಂದು ಒಂದೊಂದು ಸಾಲು. ಪಕ್ಕದಲ್ಲಿ ಅದಕ್ಕೆ ಆಧಾರವೇನು ಎಂಬ ಅಂಕಣ: ಬಂಧನ ಪತ್ರ, ರಿಮಾಂಡ್ ಆದೇಶ, ಸಾಕ್ಷಿಯ ಹೇಳಿಕೆ. ಸಾಮಾನ್ಯವಾಗಿ ಬಿರುಕು ಕಾಣುವುದು ಒಂದೇ ಕಡೆ. ಸೋಮವಾರ ಸಂಜೆ ಠಾಣೆಗೆ ಕರೆದೊಯ್ದರೆಂದು ಮನೆಯವರು ಹೇಳುತ್ತಾರೆ, ಬಂಧನ ಪತ್ರದಲ್ಲಿ ಬುಧವಾರ ಬೆಳಿಗ್ಗೆ ಎಂದಿರುತ್ತದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ 22(2)ನೇ ವಿಧಿ, ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 58ನೇ ಕಲಂ ಮುರಿಯುವುದು ಈ ಎರಡು ರಾತ್ರಿಗಳಲ್ಲೇ. ಆ ರಾತ್ರಿಗಳನ್ನು ಸಾಬೀತು ಮಾಡುವ ಬಸ್ ಟಿಕೆಟ್, ಫೋನ್ ಕರೆಯ ದಾಖಲೆ, ಪಕ್ಕದ ಅಂಗಡಿಯ ಕ್ಯಾಮೆರಾ ಏನಿದ್ದರೂ ಕೂಡಲೇ ಹಿಡಿದಿಡಿ. ಅಂಗಡಿಯ ಕ್ಯಾಮೆರಾ ಹಳೆಯ ದೃಶ್ಯದ ಮೇಲೆ ಹೊಸದನ್ನು ತುಂಬಿಕೊಳ್ಳುತ್ತಿರುತ್ತದೆ, ಕಾದಷ್ಟೂ ಕಳೆದುಕೊಳ್ಳುತ್ತೀರಿ.

ಮಲೆನಾಡಿನ ಸಾಕ್ಷಿಗಳು ಹಲವೊಮ್ಮೆ ತಾರೀಖು ಹೇಳುವುದಿಲ್ಲ, ‘ಪುನರ್ವಸು ಮಳೆ ಹಿಡಿದಿತ್ತು, ದೀಪ ಹಚ್ಚುವ ಹೊತ್ತು’ ಎನ್ನುತ್ತಾರೆ. ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಪುನರ್ವಸು ಅಂದರೆ ಜುಲೈ 6ರ ಆಸುಪಾಸಿನಿಂದ ಸುಮಾರು ಎರಡು ವಾರ. ಪಂಚಾಂಗ ನೋಡಿ, ಸಂತೆಯ ದಿನವೋ ಅಮಾವಾಸ್ಯೆಯೋ ಕೇಳಿ ತಾರೀಖನ್ನು ಕಿರಿದು ಮಾಡಿ, ಅದನ್ನು ನಿಮ್ಮ ಲೆಕ್ಕವೆಂದು ಬೇರೆಯಾಗಿ ನಮೂದಿಸಿ. ಸಾಕ್ಷಿಯ ಬಾಯಿಗೆ ತಾರೀಖು ತುರುಕಿದರೆ ಪಾಟೀಸವಾಲಿನಲ್ಲಿ ಎಲ್ಲವೂ ಕುಸಿಯುತ್ತದೆ. ಅನುವಾದಕ್ಕೂ ಇದೇ ನಿಯಮ. ‘ಎರಡು ಏಟು ಹಾಕಿದರು’ ಎಂದದ್ದನ್ನು ಇಂಗ್ಲಿಷ್‌ನಲ್ಲಿ ‘ಚಿತ್ರಹಿಂಸೆ’ ಮಾಡಬೇಡಿ. ಯಾವುದರಿಂದ, ಎಲ್ಲಿಗೆ, ಎಷ್ಟು ಹೊತ್ತು ಎಂದು ಕೇಳಿ ಬರೆಯಿರಿ. ಅದಕ್ಕೆ ಹೆಸರಿಡುವುದು ನಿರ್ಧರಿಸುವವರ ಕೆಲಸ.

ಗಾಯಗಳಿದ್ದರೆ, ಚಿತ್ರಹಿಂಸೆಯನ್ನು ದಾಖಲಿಸುವ ವಿಶ್ವಸಂಸ್ಥೆಯ ಕೈಪಿಡಿಯಾದ ಇಸ್ತಾಂಬುಲ್ ಶಿಷ್ಟಾಚಾರ ಓದಿರಬೇಕು (1999, ಪರಿಷ್ಕರಣೆ 2022). ಗಾಯಕ್ಕೂ ಹೇಳಿಕೆಗೂ ಎಷ್ಟು ತಾಳೆಯಿದೆ ಎಂಬುದನ್ನು ವೈದ್ಯರು ಶ್ರೇಣಿಯಲ್ಲಿ ಬರೆಯುವ ಕ್ರಮ ಅದರಲ್ಲಿದೆ. ‘ಹೊಸ ಗಾಯಗಳಿಲ್ಲ’ ಎಂಬ ಒಂದೇ ಸಾಲಿನ ಸರ್ಟಿಫಿಕೇಟು ಯಾರಿಗೂ ಪ್ರಯೋಜನವಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ ವೈದ್ಯಕೀಯ ವರದಿಯ ಪ್ರತಿ ಕೇಳಿ ಪಡೆಯಿರಿ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ತರಿಸಿಕೊಳ್ಳಬೇಡಿ, ತೆಗೆದ ಸಮಯ, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಕಡತವನ್ನೇ ಪಡೆದು, ಅದರ ಹ್ಯಾಶ್ ಸಂಖ್ಯೆ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ಬರೆದಿಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೂ ಅದೇ ಸಂಖ್ಯೆ ಬೇಕು.

ಮೂರನೆಯದು ವರ್ಗ. ಕಾರ್ಯತಂಡ ಐದು ವರ್ಗಗಳಲ್ಲಿ ನೋಡುತ್ತದೆ: ಕಾನೂನಿನ ಆಧಾರವೇ ಇಲ್ಲದ ಬಂಧನ; ಮಾತು, ಸಭೆ, ನಂಬಿಕೆಯ ಹಕ್ಕು ಚಲಾಯಿಸಿದ್ದಕ್ಕೆ ಬಂಧನ; ನ್ಯಾಯಬದ್ಧ ವಿಚಾರಣೆಯ ಗಂಭೀರ ಉಲ್ಲಂಘನೆ; ಆಶ್ರಯ ಕೋರಿದವರ, ವಲಸಿಗರ ದೀರ್ಘ ಬಂಧನ; ತಾರತಮ್ಯದ ಬಂಧನ. ಐದನ್ನೂ ತುಂಬಬೇಕೆಂಬ ಆಸೆ ಬೇಡ. ನಿಮ್ಮ ಕಾಲಾನುಕ್ರಮ ಎರಡನ್ನು ಗಟ್ಟಿಯಾಗಿ ಹೊತ್ತರೆ ಎರಡೇ ಬರೆಯಿರಿ. ಮುನ್ನೆಚ್ಚರಿಕೆ ಬಂಧನವಾದರೆ ಒಂದನ್ನು ಮರೆಯದೆ ನೋಡಿ: ಕಾರಣಗಳನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟಿದ್ದಾರೆಯೇ? ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷ್ ಕಾಗದ ಕೊಟ್ಟರೆ 22(5)ನೇ ವಿಧಿಯ ಪಾಲನೆಯಾಗಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1962ರಲ್ಲೇ ಹೇಳಿದೆ.

ಅರ್ಜಿಯನ್ನು ಕಾರ್ಯತಂಡದ ಪ್ರಶ್ನಾವಳಿಯ ಕ್ರಮದಲ್ಲೇ, ಇಂಗ್ಲಿಷ್, ಫ್ರೆಂಚ್ ಅಥವಾ ಸ್ಪ್ಯಾನಿಷ್‌ನಲ್ಲಿ, 20 ಪುಟ ಮೀರದಂತೆ ಬರೆಯಿರಿ. ಸರ್ಕಾರಕ್ಕೆ ಉತ್ತರಿಸಲು 60 ದಿನ, ಕೇಳಿದರೆ ಇನ್ನೊಂದು ತಿಂಗಳು. ಸರ್ಕಾರದ ಉತ್ತರ ನಿಮಗೆ ಬರುತ್ತದೆ, ಅದಕ್ಕೆ ಮರುತ್ತರ ಕೊಡಬೇಕು. ಆಮೇಲೆ ಅಭಿಪ್ರಾಯ ಪ್ರಕಟ. ಪ್ರಾಣಕ್ಕೋ ಆರೋಗ್ಯಕ್ಕೋ ಅಪಾಯವಿದ್ದರೆ ತುರ್ತು ಮನವಿಯ ದಾರಿ ಬೇರೆಯಿದೆ. ಅಭಿಪ್ರಾಯ ಬಂದ ಮಾತ್ರಕ್ಕೆ ಸೆರೆಮನೆಯ ಬಾಗಿಲು ತೆರೆಯುವುದಿಲ್ಲ, ಜಾರಿ ಮಾಡಿಸುವ ಪೊಲೀಸರು ವಿಶ್ವಸಂಸ್ಥೆಗಿಲ್ಲ. ಅದನ್ನು ಜಾಮೀನು ಅರ್ಜಿಗೆ ಲಗತ್ತಿಸುವುದು, ಬೇರೆ ದೇಶಗಳ ರಾಯಭಾರಿಗಳಿಗೆ, ಸಂಸದರಿಗೆ ತಲುಪಿಸುವುದು ನಿಮ್ಮದೇ ಕೆಲಸ.

ಪ್ರಶ್ನೆ: ಫ್ರೆಂಚ್ ಕಲಿಯಲೇಬೇಕೇ? — ಕೊಪ್ಪ

ಕಲಿತರೆ ಒಳ್ಳೆಯದು. ಹೇಗ್‌ನ ಎರಡೂ ನ್ಯಾಯಾಲಯಗಳಲ್ಲಿ ಇಂಗ್ಲಿಷ್ ಜೊತೆ ನಡೆಯುವುದು ಫ್ರೆಂಚ್. ಆದರೆ ಮೊದಲು ಇಂಗ್ಲಿಷ್ ಬರವಣಿಗೆ ಗಟ್ಟಿಯಾಗಲಿ.

ಪ್ರಶ್ನೆ: ಮಗಳು ಈ ಹಾದಿ ಹಿಡಿಯುತ್ತೇನೆ ಎನ್ನುತ್ತಾಳೆ. ಹೊಟ್ಟೆಪಾಡು ನಡೆಯುತ್ತದೆಯೇ? ಅಪಾಯವಿಲ್ಲವೇ? — ತಾಯಿ, ಭದ್ರಾವತಿ

ಎರಡೂ ಆತಂಕ ಸರಿಯಾದವೇ. ವಿಶ್ವಸಂಸ್ಥೆಯ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ, ಜಿನೀವಾದ ಬಾಡಿಗೆ ಊಟ ಕೈಯಿಂದಲೇ ಹೋಗಬೇಕು. ವಿದ್ಯಾರ್ಥಿವೇತನ ಕೈಗೆ ಬರದೆ ಸಾಲ ಮಾಡಿ ಹೊರಡುವುದು ಬೇಡ. ಇಲ್ಲಿನ ಸಂಸ್ಥೆಗಳಲ್ಲಿ ವಿದೇಶಿ ದೇಣಿಗೆಯಿಂದ ನಡೆಯುವವಕ್ಕೆ 2020ರ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಮೊದಲು ಶೇ 50 ಇತ್ತು. ಅದರ ಪೆಟ್ಟು ನೇರವಾಗಿ ನೌಕರಿಗಳಿಗೆ ಬಿದ್ದಿದೆ. ಕೆಲಸ ಕೇಳುವಾಗ ಹಣದ ಮೂಲ ಯಾವುದು, ಎಷ್ಟು ವರ್ಷಕ್ಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಿವಿಲ್, ಕುಟುಂಬ, ಭೂ ವ್ಯಾಜ್ಯಗಳಿಂದ ಮನೆ ನಡೆಸುತ್ತ, ವರ್ಷಕ್ಕೆ ಎರಡು ಮೂರು ಹಕ್ಕಿನ ಪ್ರಕರಣ ನಡೆಸುವುದು ಬಾಳಿಕೆ ಬರುವ ಕ್ರಮ.

ಅಪಾಯವನ್ನು ಮುಚ್ಚಿಡುವುದಿಲ್ಲ, ಆದರೆ ಅದನ್ನು ಕಡಿಮೆ ಮಾಡುವ ಶಿಸ್ತಿದೆ. ಕಕ್ಷಿದಾರರ ಕಡತಕ್ಕೆ ಬೇರೆ ಯಂತ್ರ, ಪೂರ್ತಿ ಗೂಢಲಿಪೀಕರಣ, ಇನ್ನೊಂದು ಊರಿನಲ್ಲಿ ಒಂದು ಪ್ರತಿ. ಸಾಕ್ಷಿಗಳ ಹೆಸರಿನ ಬದಲು ಸಂಖ್ಯೆ, ಹೆಸರಿನ ಪಟ್ಟಿ ಬೇರೆ ಕಡೆ. ಭೇಟಿಗೆ ಹೋಗುವಾಗ ಎಷ್ಟು ಗಂಟೆಗೆ ಮರಳಿ ಕರೆ ಮಾಡುತ್ತೇನೆಂದು ಇಬ್ಬರಿಗೆ ಹೇಳಿ ಹೋಗುವುದು. ಒಂಟಿಯಾಗಿ ವಕಾಲತ್ತು ಹಾಕದೆ ಇಬ್ಬರು ಮೂವರು ಸೇರಿ ಹಾಕುವುದು. ಕಕ್ಷಿದಾರರು ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಂ ರಕ್ಷಣೆ ಕೊಡುತ್ತದೆ. ಕಕ್ಷಿದಾರರ ವಿಚಾರವನ್ನು ವಕೀಲರ ತಲೆಗೆ ಕಟ್ಟಬಾರದೆಂದು ವಕೀಲರ ಪಾತ್ರ ಕುರಿತ ವಿಶ್ವಸಂಸ್ಥೆಯ 1990ರ ಹವಾನಾ ತತ್ವಗಳ 18ನೇ ಅಂಶ ಹೇಳುತ್ತದೆ. ಬೆದರಿಕೆ ಬಂದರೆ ಅದೇ ದಿನ ವಕೀಲರ ಸಂಘಕ್ಕೆ ಬರಹದಲ್ಲಿ ತಿಳಿಸಬೇಕು. ಬಾಯಿಮಾತಿನ ದೂರು ದಾಖಲೆಯಾಗುವುದಿಲ್ಲ.

ಪ್ರಶ್ನೆ: ಎಲ್‌ಎಲ್‌ಬಿ ಎರಡನೇ ವರ್ಷ. ಜಿನೀವಾ ದೂರದ ಮಾತು. ಶಿವಮೊಗ್ಗದಲ್ಲಿದ್ದುಕೊಂಡೇ ಈಗ ಏನು ಮಾಡಬಹುದು? — ಶಿಕಾರಿಪುರ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರಾಗಲು (ಪ್ಯಾರಾ ಲೀಗಲ್ ವಾಲಂಟಿಯರ್) ಅರ್ಜಿ ಹಾಕಿ. ಬಂಧನದಲ್ಲಿರುವವರಿಗೆಲ್ಲ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ವಾರಕ್ಕೊಂದು ದಿನ ರಿಮಾಂಡ್ ನಡೆಯುವ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ: ಬಂಧನದ ಕಾರಣ ಬರಹದಲ್ಲಿ ಕೊಟ್ಟಿದ್ದಾರೆಯೇ, ಆರೋಪಿಯನ್ನು ಮ್ಯಾಜಿಸ್ಟ್ರೇಟ್ ಮಾತಾಡಿಸಿದರೇ, ವಕೀಲರಿದ್ದಾರೆಯೇ, ಎಷ್ಟು ನಿಮಿಷ ಹಿಡಿಯಿತು.

ಮನೆಯಲ್ಲಿ ಮಾಡುವ ಅಭ್ಯಾಸವೂ ಒಂದಿದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಸಾಗರ ಸೀಮೆಯ ಗೇಣಿದಾರರು ಬಂಧನಕ್ಕೊಳಗಾದರು, ರಾಮಮನೋಹರ ಲೋಹಿಯಾ ಅವರೂ ಅಲ್ಲಿ ಬಂಧಿತರಾದರು. ಗ್ರಂಥಾಲಯದಲ್ಲಿ ಸಿಗುವ ಹಳೆಯ ಪತ್ರಿಕೆ, ಪುಸ್ತಕಗಳಿಂದ ಒಂದೇ ಒಂದು ದಿನದ ಬಂಧನಗಳನ್ನು ಆರಿಸಿಕೊಂಡು ಮೇಲೆ ಹೇಳಿದಂತೆ ಕಾಲಾನುಕ್ರಮ ಬರೆಯಿರಿ. ಎರಡು ಮೂಲಗಳು ಬೇರೆ ಬೇರೆ ಹೇಳಿದಲ್ಲಿ ಎರಡನ್ನೂ ನಮೂದಿಸಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ವಿಶೇಷಣ ಒಂದೂ ಇರಬಾರದು, ಒಂದು ಪುಟ ದಾಟಬಾರದು.